ಸಾಯದವನ ಮುಖವಾಡ

ಜಯಪುರದ ಪೇಟೆಯಲ್ಲಿ ಆಗ ಒಂದು ಕ್ಷೌರದಂಗಡಿ ಇತ್ತು. ತಿಂಗಳಿಗೊಮ್ಮೆ ಅಬ್ಬಾ ನಮ್ಮನ್ನು ಅಲ್ಲಿನ ಬೆಂಚಿನ ಮೇಲೆ ಕೂರಿಸಿ, 'ಸಣ್ಣಗೆ ಕತ್ತರಿಸಿಬಿಡಿ' ಎಂದು ಹೇಳಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಬೆಂಚಿನ ತುದಿಯಲ್ಲಿ ಮೂಲೆ ಮಡಚಿದ ಹಳೆಯ 'ಸುಧಾ' ವಾರಪತ್ರಿಕೆಗಳ ರಾಶಿ. ನಮ್ಮ ಸರದಿ ಬಂದಾಗಲೂ ಪಕ್ಕದಲ್ಲಿ ಕೂತವರನ್ನು ತೋರಿಸಿ 'ಮೊದಲು ಅವರಿಗೆ ಮಾಡಿ' ಎನ್ನುತ್ತಿದ್ದೆವು. ಹಿರಿಯರಿಗೆ ಮರ್ಯಾದೆ ಕೊಡುವ ಹುಡುಗ ಎಂದು ಪೇಟೆಯಲ್ಲಿ ನಮಗೊಂದು ಒಳ್ಳೆಯ ಹೆಸರೂ ಬಂದಿತ್ತು. ನಿಜವಾದ ಕಾರಣ ಫ್ಯಾಂಟಮ್.

ಉರ್ದು ಶಾಲೆಯಲ್ಲಿ ಅಲಿಫ್ ಬೇ ಮುಗಿಸಿ ಆಗಷ್ಟೇ ಕನ್ನಡ ಶಾಲೆಗೆ ಬಂದಿದ್ದೆವು. ಒತ್ತಕ್ಷರಗಳು ಇನ್ನೂ ಒಲಿದಿರಲಿಲ್ಲ. ಚಿತ್ರದ ಚೌಕಗಳೊಳಗೆ ಬರೆದ ಸಣ್ಣ ಸಣ್ಣ ಮಾತುಗಳೇ ನಮಗೆ ಕನ್ನಡದ ಎರಡನೆಯ ಮೇಷ್ಟರಾದವು. ಇನ್ನೊಂದು ಮೂಲವೂ ಇತ್ತು. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರ ಮಾರ್ಚ್‌ನಲ್ಲಿ ಆರಂಭಿಸಿ 1990ರಲ್ಲಿ ನಿಲ್ಲಿಸಿದ ಇಂದ್ರಜಾಲ ಕಾಮಿಕ್ಸ್. ಅದು ನಮ್ಮ ಮನೆಗೆ ಪುಸ್ತಕವಾಗಿ ಬಂದದ್ದಕ್ಕಿಂತ ದಿನಸಿ ಅಂಗಡಿಯ ಪೊಟ್ಟಣವಾಗಿ ಬಂದದ್ದೇ ಹೆಚ್ಚು. ಒಣಮೆಣಸಿನ ಘಾಟು ಹಿಡಿದ ಆ ಹಾಳೆಗಳಲ್ಲಿ ಕಥೆಗೆ ಮೊದಲೂ ಇರುತ್ತಿರಲಿಲ್ಲ, ಕೊನೆಯೂ ಇರುತ್ತಿರಲಿಲ್ಲ. ಅಂಥ ಕಥೆಗಳು ಮನುಷ್ಯನನ್ನು ಬೇಗ ಬಿಡುವುದಿಲ್ಲ.

ಫ್ಯಾಂಟಮ್ ಯಾರೆಂದು ಈಗಿನ ಮಕ್ಕಳಿಗೆ ಹೇಳಬೇಕಾದೀತು. ಅಮೆರಿಕದ ಲೀ ಫಾಕ್ ಎಂಬ ಲೇಖಕರು 1936ರ ಫೆಬ್ರವರಿ 17ರಂದು ದಿನಪತ್ರಿಕೆಗಳಲ್ಲಿ ಆರಂಭಿಸಿದ ಚಿತ್ರಕಥೆ ಅದು. ಮೊದಲ ಚಿತ್ರಕಾರ ರೇ ಮೂರ್. ನಾನೂರು ವರ್ಷಗಳ ಹಿಂದೆ ಕಡಲ್ಗಳ್ಳರು ಒಂದು ಹಡಗನ್ನು ಲೂಟಿ ಮಾಡುತ್ತಾರೆ. ತಂದೆಯ ಕೊಲೆಯನ್ನು ಕಣ್ಣಾರೆ ಕಂಡ ಒಬ್ಬ ಯುವಕ ಮಾತ್ರ ಬದುಕಿ ದಡ ಸೇರುತ್ತಾನೆ. ಕಾಡಿನ ಬಂದಾರ್ ಕುಳ್ಳರು ಅವನನ್ನು ಕಾಪಾಡುತ್ತಾರೆ. ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು ಅವನು ಆಣೆ ಮಾಡುತ್ತಾನೆ: ನಾನೂ ನನ್ನ ಮಕ್ಕಳೂ ಮೊಮ್ಮಕ್ಕಳೂ ದರೋಡೆ, ದುರಾಸೆ, ಕ್ರೌರ್ಯ, ಅನ್ಯಾಯಗಳ ವಿರುದ್ಧ ಹೋರಾಡುತ್ತೇವೆ ಎಂದು. ಅವನು ಸತ್ತಾಗ ಮಗ ಅದೇ ಮುಖವಾಡ ತೊಡುತ್ತಾನೆ, ಅವನ ನಂತರ ಅವನ ಮಗ. ನಾವು ಓದುತ್ತಿದ್ದದ್ದು 21ನೆಯವನ ಕಥೆಯನ್ನು. ಲೋಕಕ್ಕೆ ಈ ಲೆಕ್ಕ ಗೊತ್ತಿಲ್ಲ. ಲೋಕ ನಂಬಿರುವುದು ಒಬ್ಬನೇ ಮನುಷ್ಯ ನಾನೂರು ವರ್ಷಗಳಿಂದ ಸಾಯದೆ ಓಡಾಡುತ್ತಿದ್ದಾನೆ ಎಂದು. ಸತ್ಯ ಗೊತ್ತಿರುವುದು ಬಂದಾರ್ ಜನರಿಗೆ ಮತ್ತು ಅವನ ಮನೆಯವರಿಗೆ. ಹಿಂದಿಯಲ್ಲಿ ಅವನಿಗೆ ವೇತಾಳ ಎಂದು ಹೆಸರಿಟ್ಟರು, ಬಂಗಾಳಿಯಲ್ಲಿ ಅರಣ್ಯದೇವ ಎಂದರು. ಒಬ್ಬನೇ ಮನುಷ್ಯ ಒಂದು ಭಾಷೆಯಲ್ಲಿ ಪಿಶಾಚಿ, ಪಕ್ಕದ ಭಾಷೆಯಲ್ಲಿ ದೇವರು!

ಇಂಥ ಕಥೆ ಇಷ್ಟು ಕಾಲ ಬಾಳಿದ್ದು ಹೇಗೆ ಎಂಬ ಪ್ರಶ್ನೆ ನಮ್ಮನ್ನು ಬಹಳ ವರ್ಷಗಳಿಂದ ಕಾಡಿದೆ. ಶಕ್ತಿಯಿಂದ ಎಂಬ ಉತ್ತರ ನಿಲ್ಲುವುದಿಲ್ಲ. ಫ್ಯಾಂಟಮ್‌ಗೆ ಯಾವ ಅಲೌಕಿಕ ಶಕ್ತಿಯೂ ಇಲ್ಲ. ಗುಂಡು ತಗುಲಿದರೆ ರಕ್ತ ಬರುತ್ತದೆ, ಜ್ವರ ಬಂದರೆ ಮಲಗುತ್ತಾನೆ. ಅವನಿಗಿಂತ ಎರಡು ವರ್ಷ ತಡವಾಗಿ, 1938ರಲ್ಲಿ, ಸೂಪರ್‌ಮ್ಯಾನ್ ಬಂದ. ಅವನು ಬೇರೆ ಗ್ರಹದವನು, ಹಾರಬಲ್ಲ, ಗುಂಡು ಅವನ ಎದೆಗೆ ಬಡಿದು ಉದುರುತ್ತದೆ. ಇಟಲಿಯ ಲೇಖಕ ಉಂಬರ್ತೊ ಇಕೊ 1962ರಲ್ಲಿ ಸೂಪರ್‌ಮ್ಯಾನ್ ಕುರಿತು ಬರೆದ ಪ್ರಬಂಧದಲ್ಲಿ ಅವನ ಕಷ್ಟವನ್ನು ಗುರುತಿಸಿದ್ದರು. ಅವನು ಪುರಾಣಪುರುಷನಂತೆ ಬದಲಾಗದೆ ಇರಬೇಕು, ಆದರೆ ಪ್ರತಿ ಸಂಚಿಕೆಯಲ್ಲೂ ಹೊಸದೇನಾದರೂ ನಡೆಯಬೇಕು. ಏನಾದರೂ ನಡೆದರೆ ಮನುಷ್ಯ ಸಾವಿನ ಕಡೆಗೆ ಒಂದು ಹೆಜ್ಜೆ ಇಟ್ಟಂತೆ. ಆದ್ದರಿಂದ ಅವನ ಕಾಲವನ್ನೇ ಮಸುಕುಗೊಳಿಸಬೇಕಾಗುತ್ತದೆ. 1992ರಲ್ಲಿ ಪ್ರಕಾಶಕರು ಸೂಪರ್‌ಮ್ಯಾನ್‌ನನ್ನು ಸಾಯಿಸಿಯೂ ನೋಡಿದರು. ಮರುವರ್ಷವೇ ಬದುಕಿಸಿದರು. ಫ್ಯಾಂಟಮ್ ವಂಶಕ್ಕೆ ಈ ತಾಪತ್ರಯವಿಲ್ಲ. ಅವನು ಇಪ್ಪತ್ತು ಸಲ ಸತ್ತಿದ್ದಾನೆ, ಇಪ್ಪತ್ತು ಸಲವೂ ನಿಜವಾಗಿ ಸತ್ತಿದ್ದಾನೆ. ತಲೆಬುರುಡೆ ಗುಹೆಯಲ್ಲಿ ಅವರ ಸಮಾಧಿಗಳಿವೆ, ಒಬ್ಬೊಬ್ಬರೂ ಬರೆದಿಟ್ಟ ದಿನಚರಿಗಳಿವೆ. ಅಮರತ್ವ ಇಲ್ಲಿ ಆಕಾಶದಿಂದ ಬಿದ್ದ ವರವಲ್ಲ. ಸಾಯುವ ಮನುಷ್ಯರು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿದ ಕೆಲಸ. ಲೀ ಫಾಕ್ 63 ವರ್ಷ ಈ ಕಥೆ ಬರೆದು 1999ರಲ್ಲಿ ತೀರಿಕೊಂಡರು. ಕಥೆ ನಿಲ್ಲಲಿಲ್ಲ, ಬೇರೆಯವರ ಕೈಗೆ ಹೋಯಿತು. ಫ್ಯಾಂಟಮ್‌ನ ನಿಯಮ ಅವನ ಲೇಖಕರಿಗೂ ಅನ್ವಯಿಸಿತು ಎನ್ನಬಹುದು.

ನಮ್ಮ ದಾದಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪೊಟ್ಟಣದ ಹಾಳೆಗಳ ಚಿತ್ರ ನೋಡಿ, 'ಯಾರೋ ಇವನು, ಬುರ್ಖಾ ಹಾಕಿಕೊಂಡ ಪೈಲ್ವಾನ?' ಎಂದು ನಗುತ್ತಿದ್ದರು. ಆದರೆ ಕಥೆ ಕೇಳಿದ ಮೇಲೆ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವರ ಬಳಿ ಅಮೀರ್ ಹಂಝಾ ಇದ್ದರು, ಏನು ತುರುಕಿದರೂ ತುಂಬದ ಜೋಳಿಗೆಯ ಅಮರ್ ಅಯ್ಯಾರ್ ಇದ್ದ, ದಾರಿ ತಪ್ಪಿದವರಿಗೆ ಎದುರಾಗುವ, ಸಾವೇ ಇಲ್ಲದ ಖ್ವಾಜಾ ಖಿಝ್ರ್ ಇದ್ದರು. ಹಂಝಾರ ದಾಸ್ತಾನನ್ನು ಲಖನೌದ ನವಲ್ ಕಿಶೋರ್ ಮುದ್ರಣಾಲಯ 46 ಸಂಪುಟಗಳಲ್ಲಿ ಅಚ್ಚು ಹಾಕಿತ್ತು ಎಂಬುದು ನಮಗೆ ಎಷ್ಟೋ ಕಾಲದ ನಂತರ ತಿಳಿಯಿತು. ಅಷ್ಟು ಬೆಳೆದದ್ದು ಯಾಕೆ? ಹಂಝಾ ಉಹುದ್ ಯುದ್ಧದಲ್ಲಿ ಹುತಾತ್ಮರಾದರೆಂಬುದು ಕೇಳುವವರಿಗೆಲ್ಲ ಗೊತ್ತು. ಕೊನೆ ಗೊತ್ತಿರುವುದರಿಂದಲೇ ದಾಸ್ತಾನ್ ಹೇಳುವವರು ಅದನ್ನು ಮುಂದೂಡುತ್ತ ಹೋದರು. ನಡುವೆ ಮಾಯಾನಗರಿಗಳನ್ನು, ದೇವ್‌ಗಳನ್ನು, ಪರಿಯರನ್ನು ತುಂಬಿದರು. ಪ್ರೀತಿಯ ಮನುಷ್ಯ ಸಾಯುವುದನ್ನು ಇನ್ನೊಂದು ರಾತ್ರಿ ತಡೆಯುವುದಷ್ಟೇ ಆ ಸಂಪುಟಗಳ ಕೆಲಸ ಎಂದು ನಮಗನ್ನಿಸುತ್ತದೆ. ಫಾಕ್ ಕಂಡುಕೊಂಡದ್ದು ಬೇರೆ ದಾರಿ. ಸಾವನ್ನು ತಡೆಯುವ ಗೋಜಿಗೆ ಅವರು ಹೋಗಲಿಲ್ಲ, ಅದನ್ನು ಗುಟ್ಟಾಗಿಟ್ಟರು.

ಈ ಗುಟ್ಟಿನ ಹತ್ತಿರವೇ ಒಂದು ನೈತಿಕ ತೊಡಕು ಇದೆ. ಒಬ್ಬರ ನಂತರ ಒಬ್ಬರು ಒಂದೇ ಸ್ಥಾನದಲ್ಲಿ ಕೂರುವುದು ನಮ್ಮ ಸೀಮೆಯವರಿಗೆ ಹೊಸದಲ್ಲ. ಜಯಪುರಕ್ಕೆ ಹತ್ತಿರದಲ್ಲೇ ಶೃಂಗೇರಿ. ಅಲ್ಲಿ ಪೀಠಕ್ಕೆ ಬಂದವರೆಲ್ಲ ಜಗದ್ಗುರುಗಳೇ. ಆದರೆ ಅಲ್ಲಿ ಗುಟ್ಟಿಲ್ಲ. 36ನೆಯ ಜಗದ್ಗುರು ಭಾರತೀತೀರ್ಥರು 2015ರ ಜನವರಿಯಲ್ಲಿ ವಿಧುಶೇಖರ ಭಾರತಿಯವರಿಗೆ ಸಂನ್ಯಾಸ ಕೊಟ್ಟು ಉತ್ತರಾಧಿಕಾರಿಯನ್ನಾಗಿ ಸ್ವೀಕರಿಸಿದ್ದು ಸಾವಿರಾರು ಜನರ ಎದುರಿಗೆ. ದರ್ಗಾಗಳಲ್ಲಿ ಸಜ್ಜಾದೆ ಬದಲಾದಾಗಲೂ ಪೇಟ ಸುತ್ತುವುದು ಎಲ್ಲರ ಮುಂದೆಯೇ. ಹಾಗಿದ್ದರೆ ಫ್ಯಾಂಟಮ್ ವಂಶಕ್ಕೆ ಮಾತ್ರ ಗುಟ್ಟು ಯಾಕೆ ಬೇಕಾಯಿತು? ನಮಗೆ ಹೊಳೆದ ಉತ್ತರ ಇಷ್ಟೆ: ಭಕ್ತಿಗೆ ಗುಟ್ಟು ಬೇಡ, ಭಯಕ್ಕೆ ಬೇಕು. ಗುರು ಮನುಷ್ಯನೆಂದು ಗೊತ್ತಿದ್ದರೂ ಶಿಷ್ಯ ನಮಸ್ಕರಿಸುತ್ತಾನೆ. ಕಾಯುವವನು ಮನುಷ್ಯನೆಂದು ಗೊತ್ತಾದರೆ ಕಳ್ಳ ಹೆದರುವುದಿಲ್ಲ.

ಆ ಭಯ ಯಾರ ಮೇಲೆ ಯಾರದು ಎಂದು ಕೇಳುವ ವಯಸ್ಸು ಬಂದಾಗ ಫ್ಯಾಂಟಮ್ ಮೇಲಿನ ನಮ್ಮ ಪ್ರೀತಿಗೆ ಮೊದಲ ಪೆಟ್ಟು ಬಿತ್ತು. ಕರಿಯರ ಕಾಡಿನಲ್ಲಿ ಬಿಳಿಯ ಮನುಷ್ಯನೊಬ್ಬ ತಲೆಮಾರುಗಳಿಂದ ನ್ಯಾಯ ಹೇಳುತ್ತಿದ್ದಾನೆ, ಅವರು ಅವನ ಮುಂದೆ ಕೈಕಟ್ಟಿ ನಿಂತಿದ್ದಾರೆ. ಇದು ಸಾಮ್ರಾಜ್ಯದ ಕನಸಲ್ಲದೆ ಮತ್ತೇನು? ಮೂಲ ಕಥೆಯಲ್ಲಿ ಆ ಕಡಲ್ಗಳ್ಳರಿಗೆ ಸಿಂಗ್ ಎಂಬ ಹೆಸರಿತ್ತು. ಇಂದ್ರಜಾಲದವರು ಅದನ್ನು ಸಿಂಗಾ ಮಾಡಿದರು, ನಾಡಿನ ಹೆಸರನ್ನು ಡೆಂಕಾಲಿ ಮಾಡಿದರು. ಯಾರಿಗೂ ನೋವಾಗದಿರಲಿ ಎಂದು ತೇಪೆ ಹಾಕಿದರು, ಬಟ್ಟೆ ಅದೇ. ಕಾಲೇಜಿನ ದಿನಗಳಲ್ಲಿ ನಾವು ಈ ವಿಷಯದ ಮೇಲೆ ಗೆಳೆಯರೊಡನೆ ಬಹಳ ಜೋರಾಗಿ ವಾದಿಸಿದ್ದುಂಟು. ಪೊಟ್ಟಣದ ಹಾಳೆಗಳಿದ್ದ ಡಬ್ಬಿಯನ್ನು ಅಟ್ಟಕ್ಕೆ ಎಸೆದದ್ದೂ ಉಂಟು.

ನಂತರ ಒಂದು ಸಂಗತಿ ಓದಿದೆವು. ಪಪುವಾ ನ್ಯೂಗಿನಿ ದೇಶದ ಬೆಟ್ಟಗಳ ನಡುವೆ ವಾಹ್ಗಿ ಎಂಬ ಕಣಿವೆಯಿದೆ. 1980ರ ದಶಕದಲ್ಲಿ ಅಲ್ಲಿ ಕುಲಗಳ ನಡುವೆ ಮತ್ತೆ ಕಾಳಗಗಳು ನಡೆದವು. ಆಗ ಅಲ್ಲಿನ ಯೋಧರು ತಮ್ಮ ಗುರಾಣಿಗಳ ಮೇಲೆ ಫ್ಯಾಂಟಮ್‌ನ ಚಿತ್ರ ಬರೆದುಕೊಂಡರು. ಅಂಥ ಕೆಲವು ಗುರಾಣಿಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ. ಯಾರನ್ನು ಆ ಕಥೆ ಬಿಳಿಯನ ಹಿಂದೆ ಕೈಕಟ್ಟಿ ನಿಲ್ಲಿಸಿತ್ತೋ ಅಂಥವರೇ ಮುಖವಾಡವನ್ನು ಕಿತ್ತುಕೊಂಡು ತಮ್ಮ ಗುರಾಣಿಗೆ ಹಚ್ಚಿಕೊಂಡಿದ್ದರು. ಅಟ್ಟದಿಂದ ಡಬ್ಬಿ ಇಳಿಸಿದೆವು. ಫ್ಯಾಂಟಮ್‌ನ ಬಣ್ಣವೂ ಹೀಗೆಯೇ ಊರೂರಿಗೆ ಬದಲಾಗಿದೆ: ಅಮೆರಿಕದಲ್ಲಿ ನೇರಳೆ, ಸ್ವೀಡನ್‌ನಲ್ಲಿ ನೀಲಿ, ಇಟಲಿ ಮತ್ತು ತುರ್ಕಿಯಲ್ಲಿ ಕೆಂಪು. ಒಳಗೆ ಯಾರು ಬೇಕಾದರೂ ಇರಬಹುದು ಎಂಬುದೇ ಆ ಉಡುಪಿನ ಗುಣ. ಒಮ್ಮೆ 17ನೆಯ ಫ್ಯಾಂಟಮ್‌ನ ಬದಲು ಅವನ ತಂಗಿಯೇ ಮುಖವಾಡ ತೊಟ್ಟ ಕಥೆಯೂ ಬಂದಿತ್ತು.

ಈಗ ನಮ್ಮ ಓಣಿಯ ಮಾತು ಹೇಳಬೇಕು. ಇಷ್ಟೆಲ್ಲ ಬರೆದದ್ದು ಅದಕ್ಕಾಗಿಯೇ ಇರಬಹುದು.

ರಮಝಾನಿನ ರಾತ್ರಿಗಳಲ್ಲಿ ಸಹರಿಯ ಊಟಕ್ಕೆ ಜನರನ್ನು ಎಬ್ಬಿಸಲು ನಮ್ಮ ಓಣಿಗೆ ಒಬ್ಬ ಬಾವಾ ಬರುತ್ತಿದ್ದರು. ತಲೆಯಿಂದ ಮೊಣಕಾಲಿನವರೆಗೆ ಕಪ್ಪು ಕಂಬಳಿಯ ಕೊಪ್ಪೆ, ಒಂದು ಕೈಯಲ್ಲಿ ಲಾಟೀನು, ಕಂಕುಳಲ್ಲಿ ದಫ್. ಮನೆಯ ಮುಂದೆ ನಿಂತು ಮೂರು ಸಲ ಬಾರಿಸುವರು. ಒಳಗೆ ದೀಪ ಹತ್ತಿದ ಮೇಲೆಯೇ ಮುಂದಿನ ಮನೆ. ಮಾತಿಲ್ಲ. ಮುಖ ಕಂಡವರಿಲ್ಲ. ಈದಿಗೆ ಅವರಿಗೆ ಸಲ್ಲಬೇಕಾದ ಅಕ್ಕಿ, ಹಣವನ್ನು ಅಬ್ಬಾ ಮಸೀದಿಯಲ್ಲಿ ಕೊಟ್ಟುಬರುತ್ತಿದ್ದರು. 'ನಾನು ಮದುವೆಯಾಗಿ ಈ ಮನೆಗೆ ಬಂದಾಗಲೂ ಇದೇ ಬಾವಾ, ಇದೇ ಲಾಟೀನು' ಎನ್ನುತ್ತಿದ್ದರು ದಾದಿ. ಎಂಟು ವರ್ಷದ ನಾವು ಲೆಕ್ಕ ಹಾಕಿದೆವು. ದಾದಿ ಬಂದು ಐವತ್ತು ವರ್ಷ. ಹಾಗಿದ್ದರೆ ಬಾವಾಗೆ ಎಷ್ಟು? ಉತ್ತರ ಕ್ಷೌರದಂಗಡಿಯ ಬೆಂಚಿನ ಮೇಲೆಯೇ ಸಿಕ್ಕಿತ್ತು. ಬಾವಾ ಸಾಯುವವರಲ್ಲ.

1999ರ ರಮಝಾನ್ ಡಿಸೆಂಬರಿನಲ್ಲಿ ಬಂತು. ನಮಗೆ ಹತ್ತೊಂಬತ್ತು, ರಜೆಗೆ ಊರಿಗೆ ಬಂದಿದ್ದೆವು. ಮೊದಲ ವಾರ ಮುಗಿದಿತ್ತು. ಒಂದು ರಾತ್ರಿ ಇಶಾ ನಮಾಝಿನ ನಂತರ ಇಬ್ಬರು ಹಿರಿಯರೊಡನೆ ಅಬ್ಬಾ ಜಗುಲಿಗೆ ಬಂದು ಕೂತರು. ಒಬ್ಬರ ಕೈಯಲ್ಲಿ ಕಂಬಳಿ ಇತ್ತು. 'ಬಾವಾಗೆ ಕಾಮಾಲೆ. ನೀನು ಸ್ವಲ್ಪ ದಿನ ಹೋಗಬೇಕು' ಎಂದರು ಅಬ್ಬಾ. ಆಗ ತಿಳಿದದ್ದು: ದಾದಿ ಮದುವೆಯಾಗಿ ಬಂದಾಗಿನ ಬಾವಾ ಎಂದೋ ತೀರಿಕೊಂಡಿದ್ದರು, ಅವರ ಅಳಿಯನೂ ತೀರಿಕೊಂಡಿದ್ದರು, ಈಗಿನವರು ಮೂರನೆಯವರು. ಹಗಲಿನಲ್ಲಿ ಪಕ್ಕದ ಕಾಫಿ ತೋಟದಲ್ಲಿ ಕೂಲಿ. ನಾವು ನೂರು ಸಲ ಅವರನ್ನು ದಾರಿಯಲ್ಲಿ ದಾಟಿಹೋಗಿದ್ದೆವು. ಫ್ಯಾಂಟಮ್ ಕೂಡ ಪಟ್ಟಣಕ್ಕೆ ಬರುವಾಗ ಕೋಟು, ಹ್ಯಾಟು, ಕಪ್ಪು ಕನ್ನಡಕ ಹಾಕಿಕೊಂಡು ಯಾರೋ ಮಿಸ್ಟರ್ ವಾಕರ್ ಆಗಿ ಬರುತ್ತಾನಲ್ಲವೆ? ಹಿರಿಯರು ನಿಯಮ ಹೇಳಿದರು. ಮುಖ ತೋರಿಸಬೇಡ. ಮಾತಾಡಬೇಡ. ಯಾರ ಮನೆಯನ್ನೂ ಬಿಡಬೇಡ. ಹಿಂದೂಗಳ ಮನೆಗಳ ಮುಂದೆ ದಫ್ ಬಡಿಯಬೇಡ, ಅವರ ನಿದ್ದೆ ಕೆಡಿಸಬಾರದು.

ಹನ್ನೊಂದು ರಾತ್ರಿ ನಾವು ಬಾವಾ ಆಗಿದ್ದೆವು. ಮಲೆನಾಡಿನ ಡಿಸೆಂಬರಿನ ಮಂಜು, ಲಾಟೀನಿನ ಬೆಳಕು ಎರಡು ಮಾರಿನಾಚೆ ಹೋಗುವುದಿಲ್ಲ. ಕಂಬಳಿಯಲ್ಲಿ ಹೊಗೆಯ ವಾಸನೆ, ಬೀಡಿಯ ವಾಸನೆ, ಯಾರ್ಯಾರದೋ ಬೆವರಿನ ವಾಸನೆ. ಎರಡನೆಯ ರಾತ್ರಿ ಒಂದು ಕಿಟಕಿಯಲ್ಲಿ ಐದಾರು ವರ್ಷದ ಹುಡುಗನೊಬ್ಬ ಸರಳು ಹಿಡಿದು ನಿಂತಿದ್ದ. 'ಬಾವಾ, ಇವತ್ತು ನಾನೂ ರೋಜಾ ಇಡ್ತೀನಿ' ಎಂದ. ಅವನಿಗೆ ಏನು ಹೇಳಬೇಕಿತ್ತು? ನಾನು ಬಾವಾ ಅಲ್ಲ, ಇಂಥವರ ಮಗ, ಕಾಲೇಜು ಹುಡುಗ ಎನ್ನಬೇಕಿತ್ತೆ? ಲಾಟೀನನ್ನು ಸ್ವಲ್ಪ ಮೇಲಕ್ಕೆತ್ತಿ ಇಳಿಸಿದೆವು. ಅವನು ನಕ್ಕ. ಆಗ ನಮ್ಮ ಬೆನ್ನು ತಾನಾಗಿಯೇ ನೆಟ್ಟಗಾದದ್ದು ಈಗಲೂ ನೆನಪಿದೆ. ಕಥೆಗಳಲ್ಲಿ ಮುಖವಾಡ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ ಎನ್ನುವುದು ಉತ್ಪ್ರೇಕ್ಷೆಯಲ್ಲ.

ಏಳನೆಯ ರಾತ್ರಿ ನಿದ್ದೆ ಬಂದುಬಿಟ್ಟಿತು. ಎಚ್ಚರವಾದದ್ದು ಫಜ್ರ್ ಅಝಾನಿಗೆ. ಅಮ್ಮಿ, ಅಬ್ಬಾ ಅಭ್ಯಾಸಬಲದಿಂದ ತಾವಾಗಿ ಎದ್ದು ಸಹರಿ ಮುಗಿಸಿದ್ದರು, ನಾವು ಕಂಬಳಿ ಹೊದ್ದು ಹೊರಟಿದ್ದೇವೆಂದೇ ತಿಳಿದಿದ್ದರು. ಓಣಿಯ ಹೆಚ್ಚಿನ ಮನೆಯವರೂ ಹೇಗೋ ಎದ್ದಿದ್ದರು. ಎದ್ದಿರದವರು ಕೊನೆಯ ಮನೆಯ ವೃದ್ಧೆ, ಒಂಟಿ ಜೀವ. ಆಕೆಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಏನನ್ನೂ ತಿನ್ನದೆಯೇ ರೋಜಾ ಹಿಡಿದರು. ಅಸರ್ ಹೊತ್ತಿಗೆ ಬಾವಿಕಟ್ಟೆಯ ಹತ್ತಿರ ತಲೆಸುತ್ತಿ ಬಿದ್ದು ಹಣೆ ಒಡೆದುಕೊಂಡರು. ಸಂಜೆ ಓಣಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 'ಪಾಪ, ಬಾವಾಗೆ ಹುಷಾರಿಲ್ಲವೇನೋ.' ಹಣೆಗೆ ಬಟ್ಟೆ ಕಟ್ಟಿಕೊಂಡ ಆ ವೃದ್ಧೆಯೇ ಬಾವಾಗಾಗಿ ದುಆ ಮಾಡಿದರಂತೆ. ನಮ್ಮ ಹೆಸರನ್ನು ಯಾರೂ ಎತ್ತಲಿಲ್ಲ, ಎತ್ತಲು ಗೊತ್ತಿದ್ದವರು ಮೂವರೇ. ಇಫ್ತಾರಿನಲ್ಲಿ ಅಬ್ಬಾ ನಮ್ಮ ಕಡೆ ನೋಡಲಿಲ್ಲ.

ಹೋಗಿ ಆಕೆಯ ಕಾಲು ಮುಟ್ಟಿ ತಪ್ಪು ನನ್ನದು ಎನ್ನಬೇಕೆಂದು ಎರಡು ಸಲ ಆ ಬಾಗಿಲವರೆಗೆ ಹೋಗಿ ಮರಳಿದೆವು. ಹೇಳಿದರೆ ಬಾವಾ ಮುರಿಯುತ್ತಾರೆ. ಐವತ್ತು ವರ್ಷ ಆಕೆ ಯಾರ ದಫ್‌ಗೆ ಎದ್ದರೋ ಅವರು ಇಲ್ಲವಾಗುತ್ತಾರೆ. ಹೀಗೆಂದು ಆಗ ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ನಾವು ಕಾಪಾಡಿದ್ದು ಬಾವಾರನ್ನೋ ನಮ್ಮನ್ನೋ ಎಂಬುದು ಇಪ್ಪತ್ತೈದು ವರ್ಷ ದಾಟಿದರೂ ಇತ್ಯರ್ಥವಾಗಿಲ್ಲ. ಮನುಷ್ಯರ ಹಕ್ಕಿಗೆ ಸಂಬಂಧಿಸಿದ ತಪ್ಪನ್ನು ಆ ಮನುಷ್ಯರೇ ಕ್ಷಮಿಸಬೇಕು, ಅಲ್ಲಾಹನೂ ಅದನ್ನು ಅವರಿಗೇ ಬಿಟ್ಟಿದ್ದಾನೆ ಎಂದು ಮದ್ರಸಾದಲ್ಲಿ ಕಲಿಸಿದ್ದರು. ಆಕೆ ನಾಲ್ಕೈದು ವರ್ಷಗಳಲ್ಲಿ ತೀರಿಕೊಂಡರು.

ಫ್ಯಾಂಟಮ್‌ನ ಕಥೆಯಲ್ಲಿ ನಮಗೆ ಕಾಣದೆ ಉಳಿದಿದ್ದ ಜಾಗ ಇದು. ಮುಖವಾಡ ಕೆಲಸವನ್ನು ದಾಟಿಸುತ್ತದೆ, ಜೊತೆಗೆ ತಪ್ಪನ್ನೂ ನುಂಗಿಬಿಡುತ್ತದೆ. ಫ್ಯಾಂಟಮ್ ತನ್ನ ಉಂಗುರದಿಂದ ದುಷ್ಟನ ದವಡೆಯ ಮೇಲೆ ಬುರುಡೆಯ ಮುದ್ರೆ ಒತ್ತುತ್ತಾನೆ. ಅದು ಜೀವಮಾನವಿಡೀ ಅಳಿಯುವುದಿಲ್ಲ. ವಿಚಾರಣೆಯಿಲ್ಲ, ಮೇಲ್ಮನವಿಯಿಲ್ಲ. ಅವನು ತಪ್ಪಾಗಿ ಯಾರಿಗಾದರೂ ಮುದ್ರೆ ಒತ್ತಿದ್ದರೆ? ನಾವು ಓದಿದ ಯಾವ ಹಾಳೆಯಲ್ಲೂ ಹಾಗಾಗಲಿಲ್ಲ. ಲೇಖಕ ಆಗಗೊಡಲಿಲ್ಲ. ಓದುವ ನಮಗೆ ಮೊದಲೇ ಕಳ್ಳ ಯಾರೆಂದು ತೋರಿಸಿ ಆಮೇಲೆ ಉಂಗುರದ ಪೆಟ್ಟು ಕೊಡಿಸುತ್ತಾನೆ. ಬೀದಿಯಲ್ಲಿ ಅಂಥ ಲೇಖಕನಿಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದವರು ತಮ್ಮನ್ನು ಸಂಸ್ಕೃತಿಯ ಕಾವಲುಗಾರರೆಂದೇ ನಂಬಿದ್ದರು. ಬುರ್ಖಾ ತೊಟ್ಟ ಹುಡುಗಿ ಹಿಂದೂ ಸಹಪಾಠಿಯ ಜೊತೆ ಬಸ್ ನಿಲ್ದಾಣದಲ್ಲಿ ನಿಂತರೆ ಅಡ್ಡಗಟ್ಟಿ ವಿಳಾಸ ಕೇಳುವ ನಮ್ಮ ಹುಡುಗರೂ ಹಾಗೆಯೇ ನಂಬಿದ್ದಾರೆ. ಒಬ್ಬೊಬ್ಬರ ಬೆರಳಲ್ಲೂ ಒಂದು ಬುರುಡೆ ಉಂಗುರ. ಫ್ಯಾಂಟಮ್ ಮಾಡಿದ ಆಣೆ ತನ್ನನ್ನೂ ತನ್ನ ಮಗನನ್ನೂ ಕಟ್ಟಿಹಾಕುವ ಆಣೆ, ಇವರ ಆಣೆ ಪರರ ಹೆಣ್ಣುಮಕ್ಕಳನ್ನು ಕಟ್ಟಿಹಾಕುವಂಥದ್ದು ಎಂಬ ವ್ಯತ್ಯಾಸ ಇದ್ದೇ ಇದೆ. ಆದರೂ ಯಾರೂ ಪ್ರಶ್ನಿಸಲಾಗದ ಕಾವಲುಗಾರನನ್ನು ಮೆಚ್ಚುವುದನ್ನು ನಾವು ಮೊದಲು ಕಲಿತದ್ದು ಎಲ್ಲಿ ಎಂದು ಕೇಳಿಕೊಂಡಾಗ ಆ ಕ್ಷೌರದಂಗಡಿಯ ಬೆಂಚು ನೆನಪಾಗದೆ ಇರುವುದಿಲ್ಲ.

ಮೂರನೆಯ ಬಾವಾ ಕಾಮಾಲೆಯಿಂದ ಚೇತರಿಸಿಕೊಂಡು ಇನ್ನೂ ಕೆಲವು ವರ್ಷ ಬಂದರು. ನಾಲ್ಕನೆಯವರು ಸಿಗಲಿಲ್ಲ. ಮಸೀದಿಯ ಮೈಕು ಬಂತು, ಮೊಬೈಲಿನ ಅಲಾರಂ ಬಂತು. ಅಲಾರಂ ತಪ್ಪಿದರೆ ಬ್ಯಾಟರಿಯನ್ನು ಬೈಯುತ್ತೇವೆ, ಅದಕ್ಕೆ ಕಾಮಾಲೆಯೇ ಎಂದು ಕೇಳುವುದಿಲ್ಲ.

ಕಳೆದ ವರ್ಷ ಕೊಪ್ಪದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಯುವಕ ಸಲಾಂ ಹೇಳಿ ಗುರುತು ಹೇಳಿಕೊಂಡ. ಕಿಟಕಿಯ ಹುಡುಗ. ಈಗ ದಮಾಮಿನಲ್ಲಿ ಕೆಲಸ, ಮಗನಿಗೆ ಆರು ವರ್ಷ.

'ಭಾಯ್, ನಾವು ಚಿಕ್ಕವರಿದ್ದಾಗ ಸಹರಿಗೆ ಬಾವಾ ಬರ್ತಿದ್ದರಲ್ಲ, ಒಂದು ಸಲ ನನಗೆ ಲಾಟೀನು ಎತ್ತಿ ತೋರಿಸಿದ್ದರು. ಎಷ್ಟು ಎತ್ತರ ಇದ್ದರು ಅಲ್ವಾ?'

ನಾವು ಐದು ಅಡಿ ಮೂರು ಅಂಗುಲ.

'ಹೌದು, ಎತ್ತರದ ಆಳು' ಎಂದೆವು.

'ಮಗನಿಗೆ ಅವರ ಕಥೆ ಹೇಳ್ತಾ ಇರ್ತೀನಿ. ಈಗಲೂ ಇದ್ದಾರಾ ಅಂತ ಕೇಳ್ತಾನೆ.'

'ಏನಂತ ಹೇಳಿದೆ?'

'ಇದ್ದಾರೆ ಅಂತಲೇ ಹೇಳಿದ್ದೀನಿ ಭಾಯ್' ಎಂದು ಅವನು ಬಿರಿಯಾನಿಯ ತಟ್ಟೆಯನ್ನು ನಮ್ಮ ಕಡೆ ಸರಿಸಿದ.